ಕೌದಿಗೆ ಸಿಕ್ಕ ನಿರಿಗೆ

"ಏಳವ್ವಾ ಸುಕನ್ಯಾ! ಮಂದಿ ಬಂದಾರ, ಎದ್ದು ನಮಸ್ಕಾರ ಮಾಡು!"

ಬಾಗಿಲಲ್ಲಿ ನಿಂತ ಸೋದರಮಾವ ಮೈಲಾರಪ್ಪನ ದನಿ ಕೇಳಿ ಸುಕನ್ಯಾ ಬೆಚ್ಚಿ ತಲೆಯೆತ್ತಿದಳು. ಅವನ ಹಿಂದೆ ಎತ್ತರದ ಗಂಡಸೊಬ್ಬ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದ.

ಪರಮೇಶ! ತಾರಿಹಾಳದ ಕಾರ್ಖಾನೆಯಲ್ಲಿ ಲೇಥ್ ಮಷಿನ್ ನಡೆಸುವವನು. ಇಂದು ಅವಳನ್ನು ನೋಡಲು ಬರಬೇಕಾದ ವರ.

ಆದರೆ ಬರುತ್ತೇವೆಂದದ್ದು ಸಂಜೆಗಲ್ಲವೇ? ಇದಿನ್ನೂ ಮಧ್ಯಾಹ್ನ! ತಲೆ ಬಾಚಿಲ್ಲ, ಉಟ್ಟದ್ದು ಮಾಸಿದ ಹಸಿರು ಸೀರೆ. ತೊಡೆಯ ಮೇಲೆ, ತೀರಿಹೋದ ಅವ್ವ ಅರ್ಧ ಹೊಲಿದು ಬಿಟ್ಟ ಹಳೆಬಟ್ಟೆ ತೇಪೆಗಳ ಕೌದಿ; ಉಳಿದದ್ದನ್ನು ಅವಳು ಹೊಲಿಯುತ್ತಿದ್ದಳು.

ಅವಳು ಏಳಲು ಹೋದಳು... ಆಗಲಿಲ್ಲ!

ಸೀರೆ ಎಳೆದಂತಾಯಿತು. ಕೌದಿಯೂ ಜೊತೆಗೇ ಎದ್ದು ಬಂತು. ಮೆಲ್ಲಗೆ ಕೆಳಗೆ ಕೈಯಾಡಿಸಿದಳು. ಅಯ್ಯೋ ಶಿವನೇ! ಕೌದಿಯ ಜೊತೆ ತನ್ನ ನಿರಿಗೆಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ಅದೂ ಜೋಡಿ ದಾರದಲ್ಲಿ, ಗೇಣುದ್ದ!

ಎದ್ದು ನಿಂತರೆ ಸೀರೆಯೇ ಕಳಚುತ್ತದೆ. ಅವಳು ತಲೆ ತಗ್ಗಿಸಿ ಹಾಗೇ ಕೂತುಬಿಟ್ಟಳು.

"ಎಷ್ಟು ಸೊಕ್ಕು ಇಕೀಗೆ!" ಎಂದು ಗೊಣಗಿದ ಮೈಲಾರಪ್ಪ, ತಾನೇ ಚಹಾ ಕಾಸಲು ಒಳಗೆ ಹೋದ.

ಪರಮೇಶ ಒಳಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲುದನಿಯಲ್ಲಿ ಕೇಳಿದ. "ನಿಮಗ ಮನಸ್ಸಿಲ್ಲೇನ್ರಿ?"

'ಹೇಳಿಬಿಡಬೇಕು... ಈಗಲೇ ಹೇಳಬೇಕು!' ಆದರೆ ಏನೆಂದು? ಮೊದಲ ಸಲ ಕಂಡ ಗಂಡಸಿಗೆ ನಿರಿಗೆಯ ಸುದ್ದಿ ಹೇಳುವುದೇ? ನಾಚಿಕೆಗೆ ಕಣ್ಣಲ್ಲಿ ನೀರಾಡಿತು.

ಆ ನೀರನ್ನು ಅವನು ಬೇರೆಯೇ ತಿಳಿದ.

"ಅಳಬ್ಯಾಡ್ರಿ. ಒಲ್ಲದವರನ್ನ ಒತ್ತಾಯ ಮಾಡಿ ಕಟ್ಟಿಕೊಂಡು ಏನ್ ಸುಖ? ನನಗ ಒಪ್ಪಿಗಿ ಇಲ್ಲಂತ ನಾನ ಹೇಳ್ತೇನಿ. ನಿಮ್ಮ ಮ್ಯಾಲ ಮಾತು ಬರೂದಿಲ್ಲ."

ಚಹಾಕ್ಕೂ ಕಾಯದೆ ಅವನು ಹೊರಟುಹೋದ.

ದಾರ ಬಿಚ್ಚುವ ತಾಳ್ಮೆ ಉಳಿಯದೆ ಸುಕನ್ಯಾ ಕತ್ತರಿ ತೆಗೆದುಕೊಂಡು ನಿರಿಗೆಯನ್ನೇ ಕತ್ತರಿಸಿದಳು. ಹಸಿರು ತುಣುಕು ಕೌದಿಯಲ್ಲೇ ಉಳಿಯಿತು. ಸೀರೆಯಲ್ಲಿ ಗೇಣುದ್ದದ ತೂತು. ಕೌದಿಯನ್ನು ಮುಖಕ್ಕೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಹೋದ ಮೇಲೆ, ಅವಳ ಮೇಲೆ ಮಾತು ಬರಬಾರದೆಂದು ತಾವೇ ಕೆಟ್ಟವರಾದವರು ಯಾರಿದ್ದರು?

ಅದೇ ಹೊತ್ತಿಗೆ ಬಂದಳು ಪಕ್ಕದ ಮನೆಯ ಅಖ್ತರಬೇಗಂ. ಸುಕನ್ಯಾಳಿಗೆ ಸೂಜಿ ಹಿಡಿಯಲು ಕಲಿಸುತ್ತಿದ್ದವಳು ಅವಳೇ; ಸುಕನ್ಯಾಳ ಬಾಯಲ್ಲಿ ಚಿಕ್ಕವ್ವನಂಥ 'ಖಾಲಾ'.

"ನಾ ಏನ್ ಹೇಳಿದ್ದೆ? ಎಡಗೈ ಯಾವಾಗ್ಲೂ ಕೌದಿ ಕೆಳಗಿರಬೇಕು, ಸೂಜಿ ಬಂದದ್ದು ಬೆರಳಿಗೆ ಗೊತ್ತಾಗಬೇಕು ಅಂತ. ಎಲ್ಲಿತ್ತವಾ ನಿನ್ನ ಎಡಗೈ?"

"ಗಲ್ಲದ ಮ್ಯಾಲಿತ್ತು, ಖಾಲಾ..."

"ಗಲ್ಲದ ಮ್ಯಾಲ ಯಾಕ?"

ಸುಕನ್ಯಾ ಮುಖ ತಿರುಗಿಸಿ ಕತ್ತರಿ ಎತ್ತಿಟ್ಟಳು. ಖಾಲಾ ಹಸಿರು ತುಣುಕನ್ನು ಸವರಿ ನೋಡಿದಳು. "ಬಿಚ್ಚಬ್ಯಾಡ. ಅವ್ವನ ಕೌದ್ಯಾಗ ನಿಂದೂ ಒಂದು ತುಂಡು ಇರ್ಲಿ."

ಮಾವನಿಗೆ ನಡೆದದ್ದನ್ನು ಹೇಳಿದ್ದೂ ಆಯಿತು. ಅವನು ಕೈ ಝಾಡಿಸಿದ. "ಆಂವ ತಾನ ಒಲ್ಲೆ ಅಂದಾನ. ಹೆಣ್ಣಿನವರು ಮತ್ತ ಹೋಗಿ ಕೈಮುಗೀಬೇಕೇನು?"

ಅಲ್ಲಿಗೆ ಆ ಮಾತು ಮುಗಿಯಿತು. ಸುಕನ್ಯಾಳಿಗೆ ಮಾತ್ರ ಮುಗಿಯಲಿಲ್ಲ.

ತಮ್ಮೂರು ಅಮ್ಮಿನಬಾವಿಯಲ್ಲಿ ಅವ್ವ ಇದ್ದಾಗ ಸೂಜಿ ಮುಟ್ಟಗೊಡುತ್ತಿರಲಿಲ್ಲ. "ನೀ ಓದಕೋ, ನಾ ಹೊಲೀತೇನಿ" ಅನ್ನುತ್ತಿದ್ದಳು. ಈಗ ಗಬ್ಬೂರಿನ ಮಾವನ ಮನೆಯಲ್ಲಿ ಅವಳಿಗೆ ಅವ್ವನದೆಂದು ಉಳಿದದ್ದು ಈ ಕೌದಿಯೊಂದೇ. ಮಾವ ಬೆಳಿಗ್ಗೆ ದಲಾಲಿ ಅಂಗಡಿಗೆ ಹೋದರೆ ಸಂಜೆಯವರೆಗೂ ಮನೆಯಲ್ಲಿ ಮಾತಿಲ್ಲ. ಅವ್ವನ ಹೊಲಿಗೆ ಜೋಳ ಬಿತ್ತಿದ ಸಾಲಿನ ಹಾಗೆ ನೆಟ್ಟಗೆ. ಇವಳದ್ದು ಅಲ್ಲಿಂದ ಮುಂದೆ ದಾರಿ ತಪ್ಪಿದ ಇರುವೆಯಂತೆ ಸೊಟ್ಟ. ಎರಡರ ನಡುವೆ ಬೆರಳಿಟ್ಟುಕೊಂಡು ಎಷ್ಟೋ ಸಲ ಸುಮ್ಮನೆ ಕೂತಿರುತ್ತಿದ್ದಳು.

ನಾಗರಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡಿದರು. ಅವರ ನಗು ಕಿಟಕಿಯಿಂದ ಒಳಗೆ ಬರುತ್ತಿತ್ತು. ಸುಕನ್ಯಾ ಕಿಟಕಿ ಮುಚ್ಚಿ ಹೊಲಿದಳು. ಹೋಗಲು ತವರಿಲ್ಲ, ಹೊರಟು ಬರಲು ಗಂಡನ ಮನೆಯಿಲ್ಲ. ಬೆರಳಿಗೆ ಸೂಜಿ ಚುಚ್ಚಿದಾಗಲೂ ಆ ಮೆಲುದನಿಯೇ ನೆನಪಾಗುತ್ತಿತ್ತು... 'ನಿಮ್ಮ ಮ್ಯಾಲ ಮಾತು ಬರೂದಿಲ್ಲ.'

ದಸರಾ ಕಳೆಯಿತು. ಕೌದಿಯೂ ಮುಗಿಯುತ್ತ ಬಂತು. ನಡುವಿನ ಕೊನೆಯ ತೇಪೆಯ ಒಂದು ಬದಿ ಮಾತ್ರ ಬಾಯಿ ತೆರೆದಿತ್ತು. ಅದನ್ನು ಮುಚ್ಚುವ ಮೊದಲು ಒಳಗೆ ಹೋಳಿಗೆಯ ಚೂರು ಇಡುವುದು ಅವ್ವನ ಪದ್ಧತಿ. ಹೊದ್ದವರ ಚಳಿ ಕಳೆಯುವ ಕೌದಿ ಬರೀ ಹೊಟ್ಟೆಯಲ್ಲಿ ಇರಬಾರದಂತೆ!

ಹೋಳಿಗೆ ಲಟ್ಟಿಸುತ್ತಿದ್ದಾಗಲೇ ಖಾಲಾ ಬಂದು ಬಾಗಿಲಲ್ಲಿ ನಿಂತಳು. ಅವಳ ಗಂಡ ದಸ್ತಗೀರಸಾಬನಿಗೂ ಪರಮೇಶನ ಕಾರ್ಖಾನೆಯಲ್ಲೇ ಕೆಲಸ.

"ಪರಮೇಶಪ್ಪಗ ಬ್ಯಾರೆ ಕನ್ಯಾ ಗೊತ್ತು ಮಾಡ್ಯಾರಂತವಾ. ಈ ಐತ್ವಾರ ನೋಡಾಕ ಹೊಂಟಾನ."

ಬರುವ ಭಾನುವಾರವೇ! ಸುಕನ್ಯಾಳ ಕೈಯಲ್ಲಿನ ಲಟ್ಟಣಿಗೆ ನಿಂತಿತು. 'ಹೋಗಲಿ... ಚೆನ್ನಾಗಿರಲಿ...' ಅಂದುಕೊಂಡಳು. ಮರುಕ್ಷಣವೇ ಎದೆ ಉರಿಯಿತು. ಹೋಗುವುದಾದರೆ ಖರೆ ತಿಳಿದು ಹೋಗಲಿ! ತಾನು ಅವನನ್ನು ಒಲ್ಲೆ ಎಂದಳೆಂಬ ಸುಳ್ಳನ್ನು ಹೊತ್ತುಕೊಂಡು ಹೋಗಬಾರದು.

ಆ ತೂತು ಬಿದ್ದ ಹಸಿರು ಸೀರೆಯನ್ನೇ ಉಟ್ಟಳು. ಕೌದಿಯನ್ನು ಕಂಕುಳಲ್ಲಿ ಅವುಚಿಕೊಂಡು, ಹೋಳಿಗೆಯ ಡಬ್ಬಿ ಹಿಡಿದು ಬಸ್ಸು ಹತ್ತಿದಳು.

ತಾರಿಹಾಳದ ಕಾರ್ಖಾನೆಯಲ್ಲಿ ಊಟದ ಬಿಡುವು. ಗೇಟಿನ ಹೊರಗಿನ ಬೇವಿನ ಮರದಡಿ ಪರಮೇಶ ಒಬ್ಬನೇ ಬುತ್ತಿ ಬಿಚ್ಚುತ್ತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದುನಿಂತ.

"ನೀವು... ಇಲ್ಲಿ?"

ಅವಳು ಕೌದಿಯನ್ನು ನೆಲಕ್ಕೆ ಹಾಸಿ, ಪಕ್ಕದಲ್ಲಿ ಕೂತು, ನಿರಿಗೆಯ ತೂತನ್ನು ಬಿಡಿಸಿ ಹಸಿರು ತುಣುಕಿನ ಪಕ್ಕಕ್ಕಿಟ್ಟಳು. ಅಂಚಿಗೆ ಅಂಚು ಕೂಡಿತು.

"ಆವತ್ತು ಸೊಕ್ಕಿಗೆ ಕೂತಿದ್ದಿಲ್ರಿ... ಹಿಂಗಾಗಿ ಕೂತಿದ್ದೆ. ಎದ್ರ ನಿಮ್ಮ ಮುಂದ ಮಾನ ಹೋಗ್ತಿತ್ತು."

ಪರಮೇಶ ತೂತನ್ನು ನೋಡಿದ, ತುಣುಕನ್ನು ನೋಡಿದ. ಮೆಲ್ಲಗೆ ಕೆಳಗೆ ಕೂತ.

"ಒಂದು ಮಾತು ಹೇಳಬಾರದಿತ್ತೇನ್ರಿ? ಇಷ್ಟು ದಿನ ನಾ ಬ್ಯಾಡಾದವ ಅಂತ ತಿಳ್ಕೊಂಡು ತಿರಗ್ಯಾಡೇನಿ..."

"ಹೆಂಗ ಹೇಳ್ಲಿ? ಬಾಯಿ ತಗದ್ರ ಅಳೂನ ಬರ್ತಿತ್ತು." ಅವಳು ಹಸಿರು ತುಣುಕನ್ನು ಸವರಿದಳು. "ಎಡಗೈ ಕೌದಿ ಕೆಳಗಿದ್ದಿದ್ರ ಹಿಂಗ ಆಗ್ತಿದ್ದಿಲ್ಲ. ಗಲ್ಲದ ಮ್ಯಾಲ ಇಟಗೊಂಡು ಕೂತಿದ್ದೆ... ಸಂಜೀಗೆ ಬರವ್ರು ಹೆಂಗ ಇರ್ತಾರೋ ಅಂತ, ನಿಮ್ಮದ ವಿಚಾರ ಮಾಡ್ಕೋತ!"

ಹೇಳಿಯೇಬಿಟ್ಟಿದ್ದಳು! ಮುಖ ಎತ್ತಲಾಗಲಿಲ್ಲ.

"ಐತ್ವಾರ ಬ್ಯಾರೆ ಕಡೆ ಹೊಂಟೀರಂತ..." ಎಂದಳು ನೆಲ ನೋಡುತ್ತ.

"ಹೊಂಟಿದ್ದೆ. ಈಗ ಗಬ್ಬೂರಿಗೆ ಬರ್ತೇನಿ." ಅವನ ದನಿಯಲ್ಲಿ ನಗು ಸುಳಿಯಿತು. "ಹೇಳಿದ ಹೊತ್ತಿಗೇ ಬರ್ತೇನಿ."

ಸುಕನ್ಯಾ ಅಳುತ್ತಲೇ ನಕ್ಕಳು. ಡಬ್ಬಿ ತೆಗೆದು ಹೋಳಿಗೆಯ ಒಂದು ಚೂರನ್ನು ಅವನ ಕೈಗಿಟ್ಟಳು. "ತೇಪಿ ಒಳಗ ನೀವ ಇಡ್ರಿ." ಅವನು ಇಟ್ಟ. ಉಳಿದದ್ದನ್ನು ಇಬ್ಬರೂ ಹಂಚಿ ತಿಂದರು. ಆಮೇಲೆ ಅವಳು ಸೂಜಿಗೆ ದಾರ ಪೋಣಿಸಿ ಕೊನೆಯ ಬಾಯಿ ಹೊಲಿಯತೊಡಗಿದಳು. ಈ ಸಲ ಎಡಗೈ ಕೌದಿಯ ಕೆಳಗೇ ಇತ್ತು.

ಕಾರ್ಖಾನೆಯ ಗಂಟೆ ಹೊಡೆಯಿತು.

"ಏಳ್ರಿ, ಗಂಟಿ ಆತು," ಎಂದಳು ದಾರ ಕಡಿಯುತ್ತ.

ಅವನು ಕದಲಲಿಲ್ಲ. "ಏಳಾಕ ಆಗವಲ್ದು..."

ಸುಕನ್ಯಾಳ ಜೀವ ಹಾರಿತು. ಇವನ ಅಂಗಿಯನ್ನೂ ಹೊಲಿದುಬಿಟ್ಟೆನೇ? ಗಡಬಡಿಸಿ ಕೌದಿಯ ಕೆಳಗೆ ಎಡಗೈ ಆಡಿಸಿದಳು. ಅಲ್ಲಿ ಅವನ ಕೈ ಸಿಕ್ಕಿತು.

"ಅಂಗಿ ಹೊಲದಿಲ್ಲಲ್ರಿ ನಾ!"

"ಗೊತ್ತೈತ್ರಿ," ಎಂದ ಪರಮೇಶ, ಆ ಕೈ ಬಿಡದೆ. "ಆದ್ರೂ ಏಳಾಕ ಆಗವಲ್ದು."