ಕೊನೆಯ ಕಂತಿನ ಕೊಲೆಗಾರ

"ಮೈಕ್ ಕೆಳಗಿಡ್ರಿ. ಆಕಿ ಹಂಗ ಅಂದೇ ಇಲ್ಲ."

ಸಂಡೂರಿನ ತನ್ನ ಕೇಬಲ್ ಆಫೀಸಿನ ಬಾಗಿಲಲ್ಲಿ ಸುಕನ್ಯಾಳನ್ನು ಕನಕರಾಜ್ ಮೊದಲ ಸಲ ನೋಡಿದ್ದು ಹಾಗೆ. ಸೀರೆಯಂಚಿಗೆ ಅದಿರಿನ ಕೆಂಧೂಳು, ಬೆರಳಿಗೆ ಸೀಮೆಸುಣ್ಣ, ಕಣ್ಣಲ್ಲಿ ಸಿಟ್ಟು...

ಹಂಪಿಗೆ ಬಂದಿದ್ದ ವಿದೇಶಿಯೊಬ್ಬ ಬಿಟ್ಟುಹೋದ, ಪೊಲೀಸ್ ಹೆಂಗಸೊಬ್ಬಳು ಕೊಲೆಗಾರನನ್ನು ಹುಡುಕುವ ಫ್ರೆಂಚ್ ಪತ್ತೇದಾರಿ ಧಾರಾವಾಹಿಯ ಸಿ.ಡಿ.ಗಳು ಅವನಿಗೆ ಸಿಕ್ಕಿದ್ದವು. ದಿನಾ ಸಂಜೆ ಅದನ್ನು ಊರ ಚಾನೆಲ್ಲಿಗೆ ಹಾಕಿ, ಮೈಕ್ ಹಿಡಿದು ಕನ್ನಡದಲ್ಲಿ ಕಥೆ ಹೇಳುತ್ತಿದ್ದ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಅರ್ಧ ಓದುವುದು, ಅರ್ಧ ಊಹಿಸುವುದು.

"ಟೀಚರ್ ಏನ್ರಿ?" ಅವನು ಸ್ಟೂಲ್ ಸರಿಸಿದ. "ಕುಂದ್ರಿ. ನೀವ ಓದಿ ಹೇಳ್ರಿ, ನಾ ಒದರ್ತೀನಿ."

ಬೈದು ಹೋಗಲು ಬಂದವಳು ದಿನಾ ಬರತೊಡಗಿದಳು. ಅವಳು ಪಿಸುಗುಟ್ಟಿದ್ದು ಅವನ ದನಿಯಲ್ಲಿ ಊರಿಗೆಲ್ಲ ಕೇಳುತ್ತಿತ್ತು. ಕಂತು ಮುಗಿದೊಡನೆ ಊರವರ ಫೋನು.

"ಆ ಪೊಲೀಸಕ್ಕ ಬರೇ ಬ್ರೆಡ್ ತಿಂತಾಳಲ್ಲೋ. ಆಕಿಗೆ ಕೊಲೆಗಾರ ಹೆಂಗ ಸಿಗ್ತಾನ?" ಹೋಟೆಲಿನ ಜಂಬಮ್ಮನ ಚಿಂತೆ ಅದು.

"ಖೂನಿ ಮಾಡಿದಾಂವ ಆ ಡ್ರೈವರ್ರ. ಡ್ರೈವರ್ ಮಂದಿ ಜಾತಕನ ಅಷ್ಟು," ಎಂದ ಕಿರಾಣಿ ದೊಡ್ಡಬಸಪ್ಪ.

ಸುಕನ್ಯಾಳ ಮುಖ ಕಪ್ಪಿಟ್ಟಿತು. ಧಾರಾವಾಹಿಯಲ್ಲಿ ಕಲ್ಲುಗಣಿಯ ಕೂಲಿಯೊಬ್ಬ ಸತ್ತಿದ್ದ. ಅನುಮಾನ ಲಾರಿ ಡ್ರೈವರ್ ಮೇಲೆ. ಅವಳ ಅಪ್ಪ ಪಂಪಣ್ಣನೂ ಲಾರಿ ಡ್ರೈವರ್. ಅದಿರಿನ ರಾಶಿ ಕುಸಿದು ಕೂಲಿಯೊಬ್ಬ ಸತ್ತಾಗ ಗಣಿಯ ಮಾಲೀಕ ತಪ್ಪನ್ನೆಲ್ಲ ಅವನ ಗಾಡಿಗೆ ಅಂಟಿಸಿದ್ದ. ಅಂದಿನಿಂದ ಅಪ್ಪ ಕೆಲಸ ಕಳೆದುಕೊಂಡು ಮನೆ ಹಿಡಿದಿದ್ದ.

"ಈ ಕಥಿ ಹೆಂಗ ಮುಗೀತೈತಿ ಅಂತ ಅಪ್ಪ ಕಾಯಾಕತ್ಯಾನ್ರಿ," ಎಂದಳು.

ಕನಕರಾಜ್ ಅವಳ ಕೈ ಮೇಲೆ ಕೈಯಿಟ್ಟ. ಅವಳು ಎಳೆದುಕೊಳ್ಳಲಿಲ್ಲ.

'ಕೊನೇ ಕಂತು ಮುಗೀಲಿ... ಮನಸಿನ ಮಾತು ನಾನೇ ಬಾಯಿಬಿಟ್ಟು ಹೇಳ್ತೀನಿ,' ಎಂದುಕೊಂಡ.

ಕೊನೆಯ ಕಂತಿನ ಸಂಜೆ ಅವಳು ಅಪ್ಪನ ಪಕ್ಕ ಕೂತು ನೋಡಲೆಂದು ಮನೆಯಲ್ಲೇ ಉಳಿದಳು. ಟಿ.ವಿ.ಯಲ್ಲಿ ಪೊಲೀಸಕ್ಕ ಬೆರಳೆತ್ತಿದಳು. ಅಷ್ಟರಲ್ಲಿ ಪರದೆಯ ಕೆಳಗೆ ಕೆಂಪು ಪಟ್ಟಿಯೊಂದು ಓಡತೊಡಗಿತು: ಗಣಿ ಮಾಲೀಕರಿಗೆ ಹುಟ್ಟುಹಬ್ಬದ ಶುಭಾಶಯಗಳು. ಇಂಗ್ಲಿಷ್ ಅಕ್ಷರಗಳು ಅದರಡಿ ಮುಚ್ಚಿಹೋದವು.

"ಕೊಲೆ ಮಾಡಿದವನು ಡ್ರೈವರ್," ಎಂದಿತು ಕನಕರಾಜನ ದನಿ. ಬೇಡಿ ಯಾರ ಕೈಗೆ ಬಿತ್ತೆಂದು ಕಾಣುವ ಮೊದಲೇ ಜಾಹೀರಾತು ಬಂತು.

ಪಂಪಣ್ಣ ಟಿ.ವಿ. ಆರಿಸಿ ಗೋಡೆಗೆ ಮುಖ ಮಾಡಿ ಮಲಗಿದ.

ಮರುದಿನ ಸುಕನ್ಯಾ ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲೇ ನಿಂತಳು.

"ದಿನಾ ಜಾಹೀರಾತಿನ ಪಟ್ಟಿ ಮ್ಯಾಲ ಓಡ್ತಿತ್ತು. ನಿನ್ನೆ ಯಾಕ ಕೆಳಗ ಬಂತು?"

"ಗಣಿ ಮಾಲೀಕರ ಮಂದಿ ಬಂದು ಇಲ್ಲೇ ಕುಂತಿದ್ರು. ನಮ್ಮ ಕೇಬಲ್ ಎಲ್ಲಾ ಅವರ ಕಂಬದ ಮ್ಯಾಲ ಹಾದಾವ..."

"ನನ್ನ ಸ್ಟೂಲ್ ಮ್ಯಾಲ ಕುಂತಿದ್ರೇನು?"

ಅವನು ತಲೆ ತಗ್ಗಿಸಿದ. "ಹ್ಞೂಂ."

"ಇನ್ಮ್ಯಾಲೂ ಅವರನ್ನ ಕುಂದ್ರಿಸ್ಕೋರಿ."

ವಾರ ಕಳೆಯಿತು. ಒಂದು ಸಂಜೆ ಅದೇ ಕಂತು ಮತ್ತೆ ಬಂತು. ಪಟ್ಟಿಯಿರಲಿಲ್ಲ.

"ನಾ ಸುಳ್ಳು ಹೇಳಿದ್ದೆ," ಎಂದಿತು ಅವನ ದನಿ. "ಕೊಲೆ ಮಾಡಿದವನು ಮಾಲೀಕ. ಡ್ರೈವರ್ ಏನೂ ಮಾಡಿಲ್ಲ."

ಸೂಟು ತೊಟ್ಟ ಕೈಗೆ ಬೇಡಿ ಬಿತ್ತು. ಮರುಕ್ಷಣ ಪರದೆ ತುಂಬ ಬರೀ ಚುಕ್ಕಿ. ಕೇಬಲ್ ಕಡಿದಿದ್ದರು.

ಸುಕನ್ಯಾ ಓಡಿದಳು. ಆಫೀಸಿನಲ್ಲಿ ಒಡೆದ ಟಿ.ವಿ., ಮುರಿದ ಮೈಕು. ಕನಕರಾಜನ ತುಟಿಯಿಂದ ರಕ್ತ. ಫೋನೊಂದೇ ಉಳಿದಿತ್ತು.

"ಊರ ಮಂದಿ ಏನಂದ್ರು?"

"ಮೊದಲಿನ ಕ್ಲೈಮ್ಯಾಕ್ಸ ಛಲೋ ಇತ್ತಂತ. ಅಷ್ಟ್ ಮಸ್ತ್ ಸೂಟ್ ಹಾಕಿದಾಂವ ಖೂನಿ ಯಾಕ ಮಾಡ್ತಾನ ಅಂತಾಳ ಜಂಬಮ್ಮ."

ಇಬ್ಬರಿಗೂ ನಗು ಬಂತು. ಅದು ಬಾಯಲ್ಲಿ ಕಹಿಯಾಯಿತು.

"ನಿಮ್ಮಪ್ಪ ನೋಡಿದ್ರಾ?"

"ನೋಡಿದ. ಆ ಡ್ರೈವರ್‌ಗ ಮತ್ತ ಗಾಡಿ ಕೊಟ್ರಾ ಅಂತ ಕೇಳಿದ."

ಕನಕರಾಜ್ ಕಣ್ಣು ತಪ್ಪಿಸಿದ. "ಅದು ಕಥಿಯಾಗ ಇಲ್ಲ. ಕೊಟ್ರು ಅಂತ ಹೇಳ್ರಿ."

"ಬ್ಯಾಡ. ಇನ್ನೊಂದು ಸುಳ್ಳು ಬ್ಯಾಡ." ಅವಳು ತಾನೇ ಸ್ಟೂಲ್ ಎಳೆದು ಕೂತಳು. "ಮನಿಗೆ ನೀನ ಬಾ. ಗೊತ್ತಿಲ್ಲ ಅಂತ ಅಪ್ಪನ ಮುಂದ ನೀನ ಹೇಳು."

ಆ 'ನೀನು' ಅವನನ್ನು ಅಲ್ಲಾಡಿಸಿತು. "ಆಮ್ಯಾಲ?"

"ಮೈಕ್ ಇಲ್ಲಂದ್ರ ನಿನಗ ಬಾಯಿ ಬರಂಗಿಲ್ಲೇನು?"

"ನನ್ನ ಮದಿವಿ ಆಗ್ತಿಯೇನು, ಸುಕನ್ಯಾ?"

ಅವಳು ಸೆರಗಿನಿಂದ ಅವನ ತುಟಿ ಒರೆಸಿದಳು. "ಆಗ್ತೀನಿ. ಮೊದ್ಲ ನಡಿ, ಅಪ್ಪ ಉತ್ತರ ಕಾಯಾಕತ್ಯಾನ."