ಹಸಿ ವಿಭೂತಿ

ಧನಗೆರೆಯ ಸದಾಶಿವಪ್ಪನವರ ಮನೆಯಲ್ಲಿ ನಾನು ಕಾರು ಓಡಿಸುತ್ತಿದ್ದೆ. ಲಿಂಗಪೂಜೆ ಮುಗಿಸಿ ಬಂದು ಯಜಮಾನರು ಕಾರಿಗೆ ವಿಭೂತಿ ಇಡುವವರೆಗೆ ನಾನು ಹೊರಡುವಂತಿರಲಿಲ್ಲ. ಸಾವಿರದ ಒಂಬೈನೂರ ಅರವತ್ತೆಂಟರ ಬೇಸಿಗೆಯಲ್ಲಿ ಅವರು ಲಿಂಗೈಕ್ಯರಾದರು. ಅದಾದ ಒಂಬತ್ತನೆಯ ಬೆಳಿಗ್ಗೆ ಅವರ ಮಗಳು ಬಸವಮ್ಮನಿಗೆ ಹೆರಿಗೆ ನೋವು ಕಾಣಿಸಿತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಸ್ಟಾರ್ಟರ್ ಒತ್ತಿದೆ. ಟಕ್ ಎಂದಿತು, ಅಷ್ಟೇ. ಮತ್ತೆ ಒತ್ತಿದೆ. ಟಕ್.

“ಏನ್ಲಾ ಮಾದಸ್ವಾಮಿ, ಕೂಸು ಕಾರಲ್ಲೇ ಉಟ್ಬುಡ್ತದಲ್ಲೋ!” ಎಂದರು ಯಜಮಾನರ ಹೆಂಡತಿ ಗುರುಬಸಮ್ಮನವರು.

ಮುಂದಿನ ದೀಪ ಹಾಕಿ ನೋಡಿದೆ, ಚೆನ್ನಾಗಿ ಉರಿಯುತ್ತಿತ್ತು; ಸ್ಟಾರ್ಟರ್ ಒತ್ತಿದೊಡನೆ ಮಂಕಾಗುತ್ತಿತ್ತು. ಬ್ಯಾಟರಿಗೆ ವೈರು ಸರಿಯಾಗಿ ಕೂತಿಲ್ಲವೆಂದು ಬಾನೆಟ್ ಎತ್ತಿ, ಸ್ಪ್ಯಾನರಿನಿಂದ ಆ ವೈರಿನ ಕ್ಲಾಂಪು ಬಿಚ್ಚಿದೆ. ಹಿಂದಿನ ಸಂಜೆ ನಾನೇ ಉಜ್ಜಿ ಬಿಗಿದಿದ್ದ ಕ್ಲಾಂಪು ಅದು. ಅದರೊಳಗೆ ಹಸಿ ವಿಭೂತಿ ಮೆತ್ತಿಕೊಂಡಿತ್ತು. ಮುಟ್ಟಿದರೆ ಬಾವಿಯ ನೀರಿನಷ್ಟು ತಣ್ಣಗಿತ್ತು.

ಒರೆಸಲು ಬಟ್ಟೆ ತೆಗೆದಾಗ ಗುರುಬಸಮ್ಮನವರು ನನ್ನ ಕೈ ತಡೆದರು. “ಬಟ್ಟೇಲಿ ಒರೆಸ್ಬ್ಯಾಡ ಕಣಪ್ಪ. ಅವ್ರು ಇಟ್ಟಿರೋದು ಇದು.” ಬೆರಳಲ್ಲಿ ಅದನ್ನೆಲ್ಲ ಬಳಿದು ತೆಗೆದು ಮಗಳ ಹಣೆಗೆ ಹಚ್ಚಿದರು. ನಾನು ಕ್ಲಾಂಪು ಬಿಗಿದು ಸ್ಟಾರ್ಟರ್ ಒತ್ತಿದೆ. ಒಂದೇ ಸಲಕ್ಕೆ ಕಾರು ಹೊರಟಿತು.

ಕಾಮಗೆರೆ ಆಸ್ಪತ್ರೆಯಲ್ಲಿ ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಶಿವನ ದಯೆ, ತಾಯಿಯೂ ಕ್ಷೇಮವಾಗಿದ್ದಳು. ಸಂಜೆ ನಾನು ಬಾಗಿಲಲ್ಲಿ ನಿಂತಿದ್ದಾಗ ಒಳಗಿನಿಂದ ನರ್ಸಮ್ಮನ ಮಾತು ಕೇಳಿಸಿತು. “ಈಗ ಯಾರಮ್ಮ ಬಾಣಂತಿಗೆ ವಿಭೂತಿ ಇಟ್ಟಿದ್ದು? ಇನ್ನೂ ಹಸಿಯಾಗೇ ಅದಲ್ಲ!”

ಯಾರೂ ಮತ್ತೆ ಇಟ್ಟಿರಲಿಲ್ಲ. ಆ ದಿನದ ಬಿಸಿಲಿಗೆ ನನ್ನ ಅಂಗಿ ಬೆವರಿನಿಂದ ಎರಡು ಸಲ ಒದ್ದೆಯಾಗಿ, ಎರಡು ಸಲ ಒಣಗಿತ್ತು.