ಒಂದು ಸ್ಟಾರ್ ಕೊಟ್ಟವನು

"ನೀವೇನಾ... ಆ ಒಂದು ಸ್ಟಾರ್ ಪ್ರಭುಸ್ವಾಮಿ?"

ನಾಗಶ್ರೀ ಉಪ್ಪಿಟ್ಟಿನ ತಟ್ಟೆಯನ್ನು ಠಕ್ಕೆಂದು ಕೆಳಗಿಟ್ಟಳು. ಲೊಕ್ಕನಹಳ್ಳಿಯಿಂದ ಅಗರಕ್ಕೆ ಹೆಣ್ಣು ನೋಡಲು ಬಂದಿದ್ದ ಹುಡುಗ ತಲೆ ಎತ್ತಿದ. ಅಬ್ಬಾ, ಎಂಥ ಕಣ್ಣು! ಅರೆಗಳಿಗೆ ಅವಳಿಗೆ ಕೋಪವೇ ಮರೆತುಹೋಯಿತು.

"ಊಂ ಕಣ್ರಿ, ನಾನೇ. ನಾ ಬರ್ದಿದ್ನ ಯಾಕ್ರೀ ಅಳಿಸಾಕುದ್ರಿ?"

ವಿಷಯ ಇಷ್ಟೇ. ನಾಗಶ್ರೀ ಒಂದು ಪ್ಲಗಿನ್ ಮಾಡಿದ್ದಳು. ಹಾಲಿನ ಡೇರಿಯ ಆ್ಯಪ್‌ಗೆ ಅದನ್ನು ಸೇರಿಸಿಕೊಂಡರೆ, ಯಾರಾದರೂ ಆನೆ ಕಂಡು ಒತ್ತಿದ ಕೂಡಲೇ ಊರವರ ಫೋನೆಲ್ಲ ಕೂಗಬೇಕು. ಅವಳ ವೆಬ್‌ಸೈಟಿನಲ್ಲಿ ಅದಕ್ಕೆ ಸಾಲಾಗಿ ಐದೈದು ಸ್ಟಾರ್! ಕೊಟ್ಟವರು ಯಾರು? ಅತ್ತೆ, ಮಾವ, ಚಿಕ್ಕಪ್ಪ... ಮದುವೆಮನೆಯಲ್ಲಿ ಮುಯ್ಯಿ ಮಾಡಿದ ಹಾಗೆ ನೆಂಟರೆಲ್ಲ ಒತ್ತಿ ಹೋಗಿದ್ದರು. ಅವರ ಹೊಲಕ್ಕೆ ಆನೆ ಬಂದದ್ದೂ ಇಲ್ಲ, ಅವರು ಪ್ಲಗಿನ್ ಬಳಸಿದ್ದೂ ಇಲ್ಲ.

ಇವನೊಬ್ಬ ಮಾತ್ರ ಒಂದು ಸ್ಟಾರ್ ಕೊಟ್ಟು, 'ಸಿಗ್ನಲ್ ಓಗಿ ಬಂದ್ರೆ ಆಮೇಲೆ ಕೂಗಲ್ಲ, ನಂಬಬ್ಯಾಡಿ' ಎಂದು ಬರೆದಿದ್ದ. ನಾಗಶ್ರೀ ಅದನ್ನು ಅಳಿಸಿಹಾಕಿದ್ದಳು.

"ಎಲ್ರೂ ಚೆನ್ನಾಗದೆ ಅಂದವ್ರೆ. ನಿಮ್ಮೊಬ್ರಿಗೇ ಒಟ್ಟೆಉರಿ!"

"ಆ ಎಲ್ರೂ ನಮ್ಮೂರಿಗ್ ಬಂದು ಒಂದಿನ ಒಲ ಕಾಯ್ಲಿ. ಆಮೇಲ್ ಏಳ್ಲಿ."

"ಬಾಯ್ ಮುಚ್ಚೇ!" ಎಂದು ಗದರಿದಳು ತಾಯಿ ಚನ್ನಾಜಮ್ಮ. ಅಷ್ಟರಲ್ಲಿ ಹುಡುಗ ಎದ್ದಾಗಿತ್ತು. ಸಂಬಂಧ ಅಲ್ಲೇ ಮುರಿಯಿತು.

'ಅವನು ಬರೆದದ್ದು ನಿಜವಿದ್ದರೆ...?' ನಾಗಶ್ರೀಯ ಮನಸ್ಸು ಕುಟುಕುತ್ತಲೇ ಇತ್ತು. ಆದರೆ ಜಂಭ ಬಿಡಬೇಕಲ್ಲ! ನಾಳೆ ನೋಡಿದರಾಯಿತು ಎಂದುಕೊಂಡಳು.

ಆ ನಾಳೆ ಬರುವ ಮೊದಲೇ ಸುದ್ದಿ ಬಂತು. ಪ್ರಭುಸ್ವಾಮಿಯ ತಂದೆ ಸದಾಶಿವಪ್ಪನವರನ್ನು ಜೋಳದ ಹೊಲದಲ್ಲಿ ಆನೆ ತುಳಿದು ಕೊಂದಿತ್ತು. ಪಕ್ಕದ ಹೊಲದವರು ಆನೆ ಕಂಡು ಒತ್ತಿದ್ದರು. ಸಿಗ್ನಲ್ ಹೋಗಿ ಬಂದಿದ್ದ ಸದಾಶಿವಪ್ಪನವರ ಫೋನು ಮಾತ್ರ ಕೂಗಿರಲಿಲ್ಲ.

ತಿಥಿ ಕಳೆದ ಮೇಲೆ ನಾಗಶ್ರೀ ಲೊಕ್ಕನಹಳ್ಳಿಗೆ ಹೋದಳು. ಪ್ರಭುಸ್ವಾಮಿ ಜಗುಲಿಯ ಮೇಲೆ ಅಪ್ಪನ ಫೋನು ಹಿಡಿದು ಕೂತಿದ್ದ.

"ನಂಬಬ್ಯಾಡಿ ಅಂದೆ ಕಣ್ರಿ ಅಪ್ಪಯ್ಯಂಗೆ..." ಅವನು ಅವಳ ಮುಖ ನೋಡಲಿಲ್ಲ. "ಇಷ್ಟ್ ಜನ ಸುಳ್ಳೇಳ್ತಾರೇನ್ಲಾ ಅಂದ್ರು. ನಾ ಬರ್ದಿದ್ನ ತೋರ್ಸಾಕೋದ್ರೆ... ಅಲ್ಲಿ ಇರ್ಲೇ ಇಲ್ಲ."

ನಾಗಶ್ರೀ ಅಂಗಳದಲ್ಲೇ ಕೂತಳು. ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳುವುದು?

"ನೆಂಟ್ರ ಸ್ಟಾರೆಲ್ಲ ತೆಗ್ದಾಕಿವ್ನಿ," ಎಂದಳು ಕೊನೆಗೆ. "ಇನ್ಮೇಲೆ ಬಳಸ್ದೋರ್ ಮಾತ್ರ ಬರೀಬೋದು. ಯಾರಾದ್ರೂ ತಪ್ಪು ತೋರ್ಸುದ್ರೆ ಅದೇ ಮೊದ್ಲು ಕಾಣ್ತದೆ. ಅಳಿಸಾಕೆ ನನ್ ಕೈಲೂ ಆಗಲ್ಲ. ನೀವ್ ಬರ್ದಿದ್ನ ವಾಪಸ್ ಆಕಿವ್ನಿ, ಎಲ್ಲಾದ್ಕಿಂತ ಮೇಲದೆ. ಆದ್ರೆ ಪ್ಲಗಿನ್ ಇನ್ನೂ ಸರಿಯಾಗಿಲ್ಲ. ಇಲ್ಲಿನ ಸಿಗ್ನಲ್ನಲ್ಲೇ ನೋಡ್ಬೇಕು."

ಅವನು ಎದ್ದು ಅಪ್ಪನ ಫೋನಿನೊಂದಿಗೆ ಹೊಲದ ಕಡೆ ನಡೆದ.

ಅಂದಿನಿಂದ ಅವಳು ಬರುತ್ತಲೇ ಇದ್ದಳು. ಅವನು ಹೊಲದ ಅಂಚಿನವರೆಗೆ ಫೋನು ಹಿಡಿದು ನಡೆಯುವನು, ಸಿಗ್ನಲ್ ಹೋಗುವುದು. ವಾಪಸ್ ಬರುವನು, ಅವಳು ಆನೆ ಬಂತೆಂದು ಒತ್ತಿದರೂ ಫೋನು ಸುಮ್ಮನಿರುವುದು. ಅವಳು ಮತ್ತೆ ಕೋಡ್ ತಿದ್ದುವಳು. ಸಿಟ್ಟಿದ್ದರೂ, ಅವಳು ಬರುವ ಕೊಳ್ಳೇಗಾಲದ ಬಸ್ಸು ತಡವಾದರೆ ಅವನು ರಸ್ತೆಯ ಕಡೆ ನೋಡುತ್ತಿದ್ದ. ಅದು ಅವಳಿಗೂ ಗೊತ್ತಿತ್ತು, ಪಾಪ!

ಒಂದು ಸಂಜೆ ಅವಳು ಒತ್ತಿದ ಕೂಡಲೇ ಅಪ್ಪನ ಫೋನು ಅವನ ಕೈಯಲ್ಲಿ ಜೋರಾಗಿ ಕೂಗಿಬಿಟ್ಟಿತು. ಪ್ರಭುಸ್ವಾಮಿ ಅದನ್ನು ಎದೆಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತ. ನಾಗಶ್ರೀಯೂ ಅತ್ತಳು.

ಅವನು ಸುಧಾರಿಸಿಕೊಂಡ ಮೇಲೆ ಅವಳು ಕಣ್ಣೊರೆಸಿಕೊಂಡು ಬ್ಯಾಗು ತೆಗೆದುಕೊಂಡಳು. "ಕೆಲ್ಸ ಮುಗೀತು... ನಾ ಓಯ್ತೀನಿ."

"ನಾಗಶ್ರೀ..." ಮೊದಲ ಸಲ ಹೆಸರು ಹಿಡಿದು ಕರೆದ. "ನಿಮ್ ಮೇಲ್ನ ಸಿಟ್ಟು ಇನ್ನೂ ಓಗಿಲ್ಲ. ಓಯ್ತದೋ ಇಲ್ವೋ ಗೊತ್ತಿಲ್ಲ. ಆದ್ರೂ ನೀವ್ ಬಸ್ ಅತ್ತುದ್ರೆ... ನಂಗೆ ಈ ಮನೇಲ್ ಇರಾಕಾಯ್ತಿಲ್ಲ."

ಅವಳು ಬ್ಯಾಗು ಕೆಳಗಿಟ್ಟಳು.

"ಸಿಟ್ಟಿರೋಗಂಟ ಬೈರಿ. ಎಲ್ಲಾನೂ ಕೇಳುಸ್ಕತೀನಿ. ಈ ಸಲ ಅಳಿಸಾಕಲ್ಲ."

ಅವನು ಜಗುಲಿಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟ.

"ಬನ್ನಿ... ಕೂತ್ಕಳಿ."